ಓಲೆಯನ್ನು ಓದಿ ನಡೆಸುವ ಯಂತ್ರ

ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರು ಚಂದ್ರಹಾಸನ ಓಲೆಯನ್ನು ಮರೆಯಲಾರರು. ಅವನು ಉದ್ಯಾನದಲ್ಲಿ ಮಲಗಿದ್ದಾಗ ಅದು ಬರಿಯ ಬರಹ. ಮದನನು ಓದಿದೊಡನೆ ಆಜ್ಞೆ. ವಿಷವನ್ನು ಕೊಡಬೇಕೆಂದಿದ್ದುದನ್ನು ವಿಷಯೆ ತಿದ್ದಿದಳು, ಮರಣವಾಗಬೇಕಾದಲ್ಲಿ ಮದುವೆಯಾಯಿತು. ಬರಹವು ಕಾರ್ಯವಾಗುವ ಈ ಸೋಜಿಗ ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಉಂಟು.

1950ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜಾನ್ ಮೆಕಾರ್ಥಿ ಎಂಬ ವಿದ್ವಾಂಸರು ‘ಲಿಸ್ಪ್’ ಎಂಬ ಭಾಷೆಯನ್ನು ರೂಪಿಸುತ್ತಿದ್ದರು. ಅದರಲ್ಲಿ ಲೆಕ್ಕದ ಸಾಮಗ್ರಿಗೂ ಲೆಕ್ಕ ಮಾಡುವ ಆಜ್ಞೆಗೂ ಒಂದೇ ರೂಪ. ಕೊಟ್ಟ ಯಾವ ಉಕ್ತಿಯನ್ನಾದರೂ ಬಿಡಿಸಿ ಅದರ ಬೆಲೆಯನ್ನು ಹೇಳುವ ‘ಇವಾಲ್’ ಎಂಬ ವಿಧಿಯನ್ನು ಅವರು ಬರೆದದ್ದು ತತ್ತ್ವನಿರೂಪಣೆಗಾಗಿ ಮಾತ್ರ. ಅವರೊಡನಿದ್ದ ಸ್ಟೀವ್ ರಸೆಲ್ ಅದನ್ನು ಯಂತ್ರದಲ್ಲಿಯೇ ನಡೆಸಿಬಿಡೋಣವೆಂದರು. ಇವನು ತತ್ತ್ವವನ್ನೂ ಪ್ರಯೋಗವನ್ನೂ ಬೆರಸುತ್ತಿದ್ದಾನೆಂದು ಮೆಕಾರ್ಥಿ ಎಣಿಸಿದರು. ಆದರೆ ರಸೆಲ್ ಐ.ಬಿ.ಎಂ. 704 ಯಂತ್ರಕ್ಕೆ ಅದನ್ನು ಅಳವಡಿಸಿಯೇಬಿಟ್ಟರು! ಮೆಕಾರ್ಥಿಯವರ ಪ್ರಬಂಧ ಪ್ರಕಟವಾದದ್ದು 1960ರಲ್ಲಿ.

1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಸಂಖ್ಯಾಶಾಸ್ತ್ರಕ್ಕೆಂದು ‘ಎಸ್’ ಭಾಷೆಯನ್ನು ಆರಂಭಿಸಿದರು. 1990ರ ದಶಕದ ಮೊದಲಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ‘ಎಸ್’ನ ಹೊರರೂಪಕ್ಕೆ ಲಿಸ್ಪ್ ಸಂತತಿಯ ‘ಸ್ಕೀಮ್’ ಭಾಷೆಯ ಒಳಹುರುಳನ್ನು ಕೂಡಿಸಿ ‘ಆರ್’ ಭಾಷೆಯನ್ನು ಕಟ್ಟಿದರು. ‘ಇವಾಲ್’ ಅಲ್ಲಿಗೂ ಬಂದಿತು.

‘ಆರ್’ನಲ್ಲಿ 2 + 3 ಎಂಬುದನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು ‘ಇವಾಲ್’ಗೆ ಒಪ್ಪಿಸಿದರೆ ಅದೇ ಅಕ್ಷರಗಳು ಹಿಂದಿರುಗುತ್ತವೆ, ಐದು ಬರುವುದಿಲ್ಲ. ಮೊದಲು ‘ಪಾರ್ಸ್’ ಎಂಬ ವಿಧಿ ಪದಗಳನ್ನು ಬಿಡಿಸಿ, ಸಂಬಂಧವನ್ನು ಗೊತ್ತುಮಾಡಬೇಕು. ಅನಂತರವೇ ‘ಇವಾಲ್’ ಐದೆಂದು ಹೇಳುತ್ತದೆ. ಪದಚ್ಛೇದ, ಅನ್ವಯ, ಆಮೇಲೆ ತಾತ್ಪರ್ಯ: ಹಳಗನ್ನಡ ಪದ್ಯವನ್ನು ಪಾಠ ಹೇಳಿದವರಿಗೆ ಈ ಕ್ರಮ ಹೊಸದಲ್ಲ.

ಅಪಾಯವೂ ಇಲ್ಲಿಯೇ ಇದೆ. ಪರರು ಬರೆದುಕೊಟ್ಟ ಸಾಲಿನಲ್ಲಿ ಕೂಡುವ ಲೆಕ್ಕಕ್ಕೆ ಬದಲು ಕಡತಗಳನ್ನು ಅಳಿಸುವ ಆಜ್ಞೆಯಿದ್ದರೆ? ವ್ಯಾಕರಣ ಸರಿಯಿದ್ದರೆ ‘ಪಾರ್ಸ್’ ತಡೆಯದು; ‘ಇವಾಲ್’ ನಡೆಸಿಬಿಡುತ್ತದೆ. ವ್ಯಾಕರಣಕ್ಕೆ ಬರೆದವನ ಇಂಗಿತ ತಿಳಿಯದಷ್ಟೆ. ಅಲ್ಲದೆ, ತುಂಡು ತುಂಡಾಗಿ ಹೊಲಿದ ಬರಹದ ತಪ್ಪು ಓಡಿಸುವವರೆಗೂ ಕಾಣಿಸದು. ಆದುದರಿಂದಲೇ ಬಲ್ಲವರು ಈ ದಾರಿಯನ್ನು ಕೊನೆಯದಾಗಿ ಹಿಡಿಯುತ್ತಾರೆ. ಹೆಸರಿನಿಂದ ವಸ್ತುವನ್ನು ತರಿಸಲು ‘ಗೆಟ್’ ಉಂಟು. ಆಜ್ಞೆಯನ್ನು ನಡೆಸದೆ ಆಜ್ಞೆಯಾಗಿಯೇ ಇರಿಸಲು ‘ಕೋಟ್’ ಉಂಟು.

ಮದನನು ಓಲೆಯನ್ನು ಶಂಕಿಸಲಿಲ್ಲ. ಕಥೆಯಲ್ಲಿ ಅದು ಒಳಿತೇ ಆಯಿತು. ಯಂತ್ರವೂ ಮದನನಂತೆಯೇ ಶಂಕಿಸದು. ಓಲೆಯನ್ನು ಅದರ ಕೈಗೆ ಕೊಡುವ ಮುನ್ನ ಒಮ್ಮೆ ಓದಿನೋಡುವ ಹೊಣೆ ಮನುಷ್ಯನದೇ.