ಕ್ರೀಟ್‌ನವರ ಎಣ್ಣೆ, ನಮ್ಮ ಒಗ್ಗರಣೆ

ಚಿಕ್ಕಂದಿನಲ್ಲಿ ನನಗೆ ಆಲಿವ್ ಎಣ್ಣೆ ಅಂದ್ರೆ ಮೆಡಿಕಲ್ ಶಾಪಿನ ಪುಟ್ಟ ಡಬ್ಬಿ, ಕೂಸಿಗೆ ಹಚ್ಚಿ ನೀರು ಹಾಕೋದಕ್ಕೆ. ಈಗ ಅದೇ ಎಣ್ಣೆ 'ಹೃದಯಕ್ಕೆ ಒಳ್ಳೇದು' ಅನ್ನೋ ಬಿರುದು ಹೊತ್ತು ಅಡುಗೆಮನೆಗೇ ಬಂದಿದೆ. ಬಿರುದು ಕೊಟ್ಟವರು ಯಾರಪ್ಪಾ ಅಂತ ಹುಡುಕಿಕೊಂಡು ಹೋದೆ, ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಮುಟ್ಟಿದೆ.

ಎರಡನೇ ಮಹಾಯುದ್ಧದಲ್ಲಿ ಹಣ್ಣುಗಾಯಿ ನೀರುಗಾಯಿ ಆಗಿದ್ದ ಆ ದ್ವೀಪದಲ್ಲಿ 1948ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಒಂದು ಸರ್ವೆ ಮಾಡಿಸಿತು. ಜನರ ಊಟ ಏನು? ಬ್ರೆಡ್ಡು, ಕಾಳು, ಸೊಪ್ಪು, ಹಣ್ಣು, ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ. ತಮಾಷೆ ನೋಡಿ, ಅವರಿಗೆ ಈ ಊಟದ ಬಗ್ಗೆ ಹೆಮ್ಮೆಯೇನೂ ಇರಲಿಲ್ಲ. ಇನ್ನೇನು ಬೇಕು ಅಂತ ಕೇಳಿದ್ರೆ ಮಾಂಸ ಅಂದವರೇ ಜಾಸ್ತಿ! ನಾವು ದುಡ್ಡು ಸುರಿದು ತರೋದು ಆ ಬಡವರ ಊಟವನ್ನ.

ಆಮೇಲೆ ಬಂದಿದ್ದು ಆನ್ಸೆಲ್ ಕೀಸ್. ಕೊಬ್ಬು ಹೆಚ್ಚು ತಿಂದಷ್ಟೂ ಹೃದ್ರೋಗ ಹೆಚ್ಚು ಅಂತ ಮೊದಲು ವಾದಿಸಿದ್ದ ಮನುಷ್ಯ. 1958ರಲ್ಲಿ ಶುರುವಾದ ಈತನ ಏಳು ದೇಶಗಳ ಅಧ್ಯಯನದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಪೂರ್ವ ಫಿನ್ಲೆಂಡಿನವರಿಗೂ ಕ್ರೀಟ್‌ನವರಿಗೂ ಸುಮಾರು 40% ಕ್ಯಾಲೊರಿ ಕೊಬ್ಬಿನಿಂದಲೇ. ಆದ್ರೆ ಹೃದ್ರೋಗದಿಂದ ಸತ್ತವರು ಅಲ್ಲಿ ಅತಿ ಹೆಚ್ಚು, ಇಲ್ಲಿ ತೀರಾ ಕಡಿಮೆ. ಅಲ್ಲಿ ಹಾಲು-ಬೆಣ್ಣೆಯ ಕೊಬ್ಬು, ಇಲ್ಲಿ ಆಲಿವ್. ಎಷ್ಟು ಕೊಬ್ಬು ಅನ್ನೋದಕ್ಕಿಂತ ಎಂಥಾ ಕೊಬ್ಬು ಅನ್ನೋದು ಮುಖ್ಯ ಅಂತಾಯ್ತು. (ಕೀಸ್ 2004ರಲ್ಲಿ ತೀರಿಕೊಂಡಾಗ ಆತನಿಗೆ ನೂರು ವರ್ಷ!)

ಹಾಗಂತ ಪೂರ್ತಿ ಶ್ರೇಯಸ್ಸು ಎಣ್ಣೆಗೇ ಕೊಡೋಕೆ ನನಗೆ ಮನಸ್ಸಿಲ್ಲ. ಅವರು ಗುಡ್ಡ ಹತ್ತಿ ಇಳಿದು ಗೇಯುತ್ತಿದ್ದ ರೈತರು. ಅವರ ಊಟ ಲೆಕ್ಕ ಹಾಕಿದ ಸಮಯದಲ್ಲಿ ಒಂದಷ್ಟು ಲೆಂಟ್ ಉಪವಾಸದ ದಿನಗಳೂ ಸೇರಿದ್ದವು.

ಸರಿಯಾದ ಪರೀಕ್ಷೆ ಅಂತ ನಡೆದಿದ್ದು ಸ್ಪೇನಿನಲ್ಲಿ. ಪ್ರೆಡಿಮೆಡ್ ಅಂತ ಹೆಸರು, ಸುಮಾರು 7,400 ಜನ. 2013ರ ವರದಿ ಪ್ರಕಾರ ಎಕ್ಸ್ಟ್ರಾ ವರ್ಜಿನ್ ಎಣ್ಣೆ ಸೇರಿದ ಮೆಡಿಟರೇನಿಯನ್ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿ 30%ನಷ್ಟು ಕಡಿಮೆ. ಆದ್ರೆ ಒಂದು ಕಡೆ ಲಾಟರಿ ಎತ್ತುವ ಬದಲು ಇಡೀ ಊರಿಗೇ ಒಂದೇ ಊಟ ಹಂಚಿಬಿಟ್ಟಿದ್ದರು! 2018ರಲ್ಲಿ ಲೇಖಕರೇ ಅದನ್ನ ವಾಪಸ್ ಪಡೆದು, ಲೆಕ್ಕ ಮತ್ತೆ ಮಾಡಿ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಅದೇ, ದನಿ ಮಾತ್ರ ಸ್ವಲ್ಪ ತಗ್ಗಿತ್ತು. ತಪ್ಪೊಪ್ಪಿಕೊಂಡ ಮೇಲೆ ನನಗಂತೂ ಅದರ ಮೇಲೆ ನಂಬಿಕೆ ಹೆಚ್ಚಾಯ್ತು.

ಅಂದಹಾಗೆ ಇದು ತುಪ್ಪ, ಬೆಣ್ಣೆಯ ಬದಲಿಗೆ ಹಾಕಿದ್ರೆ ಮಾತ್ರ. ಅವುಗಳ ಜೊತೆಗೆ ಸುರಿದ್ರೆ ಟೇಬಲ್ ಚಮಚಕ್ಕೆ ಸುಮಾರು 120 ಕ್ಯಾಲೊರಿ ಸೇರುತ್ತೆ, ಅಷ್ಟೆ. ಆಲಿವ್‌ನಲ್ಲಿ ಹೆಚ್ಚಾಗಿರೋ ಓಲಿಕ್ ಆಮ್ಲ ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ಅರ್ಧದಷ್ಟಿದೆ. ಹಾಗಾಗಿ ನಮ್ಮನೆ ಸಾಸಿವೆ ಇನ್ನೂ ಕಡಲೆಕಾಯಿ ಎಣ್ಣೆಯಲ್ಲೇ ಸಿಡಿಯುತ್ತಿದೆ. ಆಲಿವ್ ಎಣ್ಣೆಯನ್ನ ಒಂದು ದಿನ ಕೋಸಂಬರಿಗೆ ಹಾಕಿ ನೋಡಿದೆ. ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ :)