ನೆಗಡಿಯೆಂದು ಕಡೆಗಣಿಸಿದ ಜ್ವರ

1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲುಮಾರ್ಗ ಹಿಡಿದು ದೇಶವನ್ನೆಲ್ಲ ವ್ಯಾಪಿಸಿತು. ಮೈಸೂರು ಸಂಸ್ಥಾನವೂ ಪಾರಾಗಲಿಲ್ಲ. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚೆಂದು ಅಂದಾಜು. 1911 ಮತ್ತು 1921ರ ಜನಗಣತಿಗಳ ನಡುವೆ ದೇಶದ ಜನಸಂಖ್ಯೆ ಏರುವ ಬದಲು ತುಸು ಇಳಿಯಿತು.

ಸಿಡುಬಿಗೆ ಆಗಲೇ ನೂರು ವರ್ಷಗಳಿಂದ ಲಸಿಕೆಯಿತ್ತು; ಫ್ಲೂಗೆ ಇರಲಿಲ್ಲ. ರೋಗಕ್ಕೆ ಬ್ಯಾಕ್ಟೀರಿಯಾವೇ ಕಾರಣವೆಂದು ಅನೇಕ ವೈದ್ಯರು ನಂಬಿದ್ದರು. ಮನುಷ್ಯರಲ್ಲಿ ಫ್ಲೂ ವೈರಸ್ ಪತ್ತೆಯಾದುದು 1933ರಲ್ಲಿ, ಲಸಿಕೆ ಬಂದುದು 1940ರ ದಶಕದಲ್ಲಿ. ಆದರೆ ಈ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ; ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. 6 ತಿಂಗಳು ತುಂಬಿದ ಮಗುವಿಗೆ ಇದನ್ನು ಹಾಕಿಸಬಹುದು. ಚಿಕ್ಕ ಮಕ್ಕಳಿಗೆ ಮೊದಲ ಸಲ 4 ವಾರಗಳ ಅಂತರದಲ್ಲಿ 2 ಡೋಸ್, ಆಮೇಲೆ ವರ್ಷಕ್ಕೊಂದು.

ನೆಗಡಿ ಮೆಲ್ಲಗೆ ಬರುತ್ತದೆ. ಫ್ಲೂ ಒಮ್ಮೆಲೇ ಎರಗುತ್ತದೆ. ಏರುಜ್ವರ, ಮೈಕೈ ನೋವು, ಒಣಕೆಮ್ಮು, ನಿತ್ರಾಣ. ಮಕ್ಕಳಲ್ಲಿ ವಾಂತಿ, ಭೇದಿಯೂ ಉಂಟು. ಏದುಸಿರು, ಉಸಿರೆಳೆದಾಗ ಪಕ್ಕೆ ಒಳಸೇರುವುದು, ತುಟಿ ನೀಲಿಗಟ್ಟುವುದು, ಹಾಲು-ನೀರು ಬಿಡುವುದು, ಮೂತ್ರ ತೀರ ಕಡಿಮೆಯಾಗುವುದು, ಬಿಟ್ಟ ಜ್ವರ ಮರುಕಳಿಸುವುದು ಕಂಡರೆ ಕಾಯಬಾರದು.

1918ರಲ್ಲಿ ವೈದ್ಯರ ಕೈಯೇ ಬರಿದಾಗಿತ್ತು. ಇಂದು ಗೊಟ್ಟಿಗೆರೆಯಂಥ ಬಡಾವಣೆಗೆ ಆಸ್ಪತ್ರೆ ದೂರವಲ್ಲ, ಲಸಿಕೆಯೂ ಸಿಗುತ್ತದೆ. ಉಳಿದಿರುವ ಅಪಾಯ, ‘ಬರೀ ನೆಗಡಿ’ ಎಂಬ ಉದಾಸೀನ.