ಕೃಪೆಯ ಮಾತು, ಕಾತರೀನಳ ದುಡಿಮೆ

ಹೈಸ್ಕೂಲಿನ ಚರಿತ್ರೆಯ ಪಾಠದಲ್ಲಿ ಮಾರ್ಟಿನ್ ಲೂಥರ್ ಬರುತ್ತಾನೆ. 1517, ವಿಟ್ಟೆನ್‌ಬರ್ಗ್, 95 ವಾದಗಳು, ಪಾಪವಿಮೋಚನಾ ಪತ್ರಗಳ ಮಾರಾಟಕ್ಕೆ ವಿರೋಧ. ಇಷ್ಟು ಬರೆದರೆ ಮಕ್ಕಳಿಗೆ ಅಂಕ ಸಿಗುತ್ತದೆ. ವರ್ಷವರ್ಷವೂ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತಾ ಬಂದ ನನಗೆ ಆ ಜಗಳದ ತಿರುಳು ಮನಸ್ಸಿಗೆ ತಾಗಿದ್ದು ಅವನ ಹೆಂಡತಿಯ ಬದುಕನ್ನು ಓದಿದ ಮೇಲೆ.

ಮೊದಲು ಲೂಥರನ ಸಂಕಟ. ಕಾನೂನು ಓದುತ್ತಿದ್ದ ಹುಡುಗ 1505ರಲ್ಲಿ ಸಿಡಿಲಿಗೆ ಬೆದರಿ, ಬದುಕಿದರೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತು ಎರ್ಫರ್ಟಿನ ಮಠ ಸೇರಿದ. ಅಲ್ಲಿ ಉಪವಾಸ, ಜಾಗರಣೆ, ಚಳಿಯಲ್ಲಿ ಮೈ ದಂಡಿಸುವುದು ಎಲ್ಲವೂ ನಡೆಯಿತು. ಗುರುವಿನ ಮುಂದೆ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಎದ್ದು ಬಂದರೂ, ಯಾವುದೋ ಒಂದು ಪಾಪ ಹೇಳುವುದು ಬಿಟ್ಟುಹೋಯಿತೇನೋ ಎಂಬ ಭಯ. ಎಷ್ಟು ಮಾಡಿದರೆ ಸಾಕು ಎಂದು ಯಾರೂ ಹೇಳಲಾರರು. ಮನೆ ನಡೆಸುವ ಹೆಂಗಸರಿಗೆ ಈ ಭಯ ಬಿಡಿಸಿ ಹೇಳಬೇಕಾಗಿಲ್ಲ.

1512ರಿಂದ ವಿಟ್ಟೆನ್‌ಬರ್ಗಿನಲ್ಲಿ ಬೈಬಲ್ ಪಾಠ ಹೇಳುತ್ತಾ, ಪೌಲನು ರೋಮಿನವರಿಗೆ ಬರೆದ ಪತ್ರವನ್ನು ಅರೆದು ಕುಡಿದ ಮೇಲೆ ಅವನಿಗೆ ದಾರಿ ಕಂಡಿತು. ದೇವರು ಮನುಷ್ಯನನ್ನು ಒಪ್ಪಿಕೊಳ್ಳುವುದು ಅವನ ಪುಣ್ಯದ ಗಂಟು ನೋಡಿ ಅಲ್ಲ, ಕ್ರಿಸ್ತನ ಮೂಲಕ ಬಿಟ್ಟಿಯಾಗಿ ಕೊಡುವ ಕೃಪೆಯಿಂದ. ನಂಬಿ ಕೈಚಾಚುವುದಷ್ಟೇ ನಮ್ಮ ಪಾಲಿನದು. ಕೋತಿಯ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ ಎಂದು ನಮ್ಮ ಶ್ರೀವೈಷ್ಣವರು ಹೇಳುವುದುಂಟು. ಲೂಥರ್ ಬೆಕ್ಕಿನ ಮರಿಯ ಪಕ್ಷದವನು ಎಂದರೆ ಹುಡುಗರಿಗೆ ತಟ್ಟನೆ ಅರ್ಥವಾಗುತ್ತದೆ. ಹಳೆಯ ಸಭೆಯವರೂ ಕೃಪೆಯನ್ನು ಅಲ್ಲಗಳೆದವರಲ್ಲ. ಜಗಳವಿದ್ದದ್ದು ಮನುಷ್ಯನ ಪ್ರಯತ್ನಕ್ಕೆ ಅದರಲ್ಲಿ ಎಷ್ಟು ಪಾಲು ಎಂಬುದರ ಮೇಲೆ. ಈ ವಿಷಯದಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ!

ಇನ್ನು ಕಾತರೀನಾ ಫಾನ್ ಬೋರಾ. 1499ರಲ್ಲಿ ಹುಟ್ಟಿದವಳು, ಬಡವಾದ ಒಂದು ಗೌರವಸ್ಥ ಮನೆತನದ ಮಗಳು. ಚಿಕ್ಕಂದಿನಲ್ಲೇ ಮಠದ ಶಾಲೆಗೆ ಹಾಕಿದರು. ನಿಂಬ್‌ಶೆನ್ನಿನ ಕನ್ಯಾಮಠದಲ್ಲಿ 1515ರಲ್ಲಿ ದೀಕ್ಷೆಯಾಯಿತು. ಅವಳನ್ನು ಯಾರು ಕೇಳಿದ್ದರು? ಸನ್ಯಾಸದ ಹರಕೆಯಿಂದ ಮೋಕ್ಷ ಗಳಿಸಲಾಗದು ಎಂಬ ಲೂಥರನ ಬರಹಗಳು ಗೋಡೆ ದಾಟಿ ಒಳಗೆ ಬಂದವು. 1523ರ ಈಸ್ಟರಿನ ಹೊತ್ತಿಗೆ, ಮಠಕ್ಕೆ ಮೀನು ತಂದು ಹಾಕುತ್ತಿದ್ದ ಟೋರ್ಗಾವಿನ ವ್ಯಾಪಾರಿ ಲಿಯೊನಾರ್ಡ್ ಕೊಪ್ಪೆಯ ಗಾಡಿಯಲ್ಲಿ ಹನ್ನೆರಡು ಸನ್ಯಾಸಿನಿಯರು ರಾತ್ರೋರಾತ್ರಿ ಹೊರಬಿದ್ದರು. ಸಿಕ್ಕಿಬಿದ್ದಿದ್ದರೆ ಆ ಮುದುಕನ ಗತಿ ಏನಾಗುತ್ತಿತ್ತೋ. 1525ರ ಜೂನ್ 13ರಂದು ಅವಳೂ ಲೂಥರನೂ ಮದುವೆಯಾದರು. ಅವಳಿಗೆ 26, ಅವನಿಗೆ 41.

ಸಂಸಾರಕ್ಕೆ ಸಿಕ್ಕಿದ್ದು ಸನ್ಯಾಸಿಗಳು ಬಿಟ್ಟುಹೋದ ದೊಡ್ಡ ಹಳೇ ಮಠ. ಲೂಥರ್ ತನ್ನ ಪುಸ್ತಕಗಳಿಗೆ ಮುದ್ರಕರಿಂದ ಹಣ ಮುಟ್ಟುತ್ತಿರಲಿಲ್ಲ, ಕೈಯಲ್ಲಿದ್ದದ್ದನ್ನು ಬೇಡಿದವರಿಗೆ ಕೊಟ್ಟುಬಿಡುತ್ತಿದ್ದ. ಮನೆ ನಿಂತದ್ದು ಕಾತರೀನಳ ರೆಟ್ಟೆಯ ಮೇಲೆ. ಬೆಳಕು ಹರಿಯುವ ಮೊದಲೇ ಏಳುವ ಅವಳಿಗೆ ಗಂಡ ಬೆಳ್ಳಿಚುಕ್ಕಿ ಎಂದು ಹೆಸರಿಟ್ಟಿದ್ದನಂತೆ. ತೋಟ, ಹಂದಿ, ದನ, ಮೀನಿನ ಕೊಳ, ಮನೆಯಲ್ಲೇ ಬಿಯರ್ ಇಳಿಸುವುದು, ಆರು ಮಕ್ಕಳು, ಸಾಕಿಕೊಂಡ ನೆಂಟರ ಮಕ್ಕಳು, ದುಡ್ಡು ಕೊಟ್ಟು ಊಟಕ್ಕಿದ್ದ ವಿದ್ಯಾರ್ಥಿಗಳು. ಊಟದ ಮೇಜಿನಲ್ಲಿ ಗುರು ಆಡಿದ ಮಾತುಗಳನ್ನು ಆ ಹುಡುಗರು ಬರೆದಿಟ್ಟುಕೊಂಡು ಪ್ರಸಿದ್ಧರಾದರು. ಬಡಿಸಿದವಳು ಏನಂದಳು ಎನ್ನುವುದು ಅವರ ಟಿಪ್ಪಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಅಷ್ಟೆ.

ಕೃಪೆಯೇ ಸಾಕು ಎನ್ನುವ ಮನೆಯಲ್ಲಿ ಇಷ್ಟೊಂದು ದುಡಿಮೆ ಏಕೆ ಎಂದು ನಗಬಹುದು. ನಾನು ನಗಲಾರೆ. ಮದುವೆಯ ವಿಷಯವಾಗಿ 1522ರಲ್ಲಿ ಬರೆದ ಪುಸ್ತಕದಲ್ಲಿ ಲೂಥರ್, ತಂದೆಯಾದವನು ಕೂಸಿನ ಹೊಲಸು ಬಟ್ಟೆ ಒಗೆದರೆ ಊರವರು ನಗಬಹುದು, ನಂಬಿಕೆಯಿಂದ ಮಾಡಿದರೆ ಅದನ್ನು ನೋಡಿ ದೇವರು ಸಂತೋಷಪಡುತ್ತಾನೆ ಎಂಬರ್ಥದ ಮಾತು ಹೇಳಿದ್ದಾನೆ. ಆಗಿನ್ನೂ ಅವನಿಗೆ ಮದುವೆಯಾಗಿರಲಿಲ್ಲ, ಆ ಮಾತು ಬೇರೆ! ಅವನ ಲೆಕ್ಕದಲ್ಲಿ ಕೆಲಸವೆನ್ನುವುದು ಸ್ವರ್ಗಕ್ಕೆ ಕಟ್ಟುವ ಕಂತಲ್ಲ. ಕಂತು ಕಟ್ಟಬೇಕಾಗಿಲ್ಲ ಎಂದಾದ ಮೇಲೆ ಕೈಗಳು ನೆರೆಯವರಿಗಾಗಿ ಬಿಡುವಾಗುತ್ತವೆ. ಒಲೆಯ ಮುಂದಿನ ಕೆಲಸ ಮಠದ ಜಪಕ್ಕಿಂತ ಕಡಿಮೆಯಲ್ಲ ಎಂಬ ಮಾತು ಹೆಂಗಸರ ಪಾಲಿಗೆ ದೊಡ್ಡದು. ಆದರೆ ಅದೇ ಮಾತು ಅವಳನ್ನು ಒಲೆಯ ಮುಂದೆಯೇ ಕೂರಿಸಿತು ಎಂಬುದೂ ನಿಜ. ಮಠಗಳು ಮುಚ್ಚಿದ ಮೇಲೆ ಓದುಬರಹ ಬಲ್ಲ ಹೆಣ್ಣಿಗೆ ಮದುವೆಯ ಹೊರತು ಉಳಿದ ದಾರಿಯಾದರೂ ಯಾವುದು?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಪರಂಪರೆಯಿಂದಲೂ ಕಲಿತವರೇ. ಅವರು ಸಾರಿದ್ದು ಕೃಪೆಯನ್ನು. ನಮ್ಮ ಜನಕ್ಕೆ ನೆನಪಿರುವುದು ಅವರ ಹೆಂಚು, ನೇಯ್ಗೆ, ಕಿಟ್ಟೆಲರ ನಿಘಂಟು!

1546ರಲ್ಲಿ ಲೂಥರ್ ತೀರಿಕೊಂಡ. ಎಲ್ಲವೂ ಹೆಂಡತಿಗೇ ಎಂದು ಉಯಿಲು ಬರೆದಿಟ್ಟಿದ್ದರೂ ಆಗಿನ ಕಾನೂನಿಗೆ ಅದು ಹೊಂದಲಿಲ್ಲ, ಮಕ್ಕಳಿಗೆ ಗಂಡಸರನ್ನೇ ಪೋಷಕರನ್ನಾಗಿ ನೇಮಿಸಿದರು. ಅಷ್ಟರಲ್ಲಿ ಯುದ್ಧ. ಎರಡು ಸಲ ಮನೆ ಬಿಟ್ಟು ಓಡಿ ಹಿಂದಿರುಗಿದಾಗ ಹೊಲ ಹಾಳು, ದನಕರು ಇಲ್ಲ. ಇಪ್ಪತ್ತು ವರ್ಷ ಊರಿಗೆಲ್ಲ ಬಡಿಸಿದವಳು ಡೆನ್ಮಾರ್ಕಿನ ರಾಜನಿಗೆ ಸಹಾಯ ಬೇಡಿ ಪತ್ರ ಬರೆಯಬೇಕಾಯಿತು. ಗಳಿಸಿದ್ದು ಯಾವುದೂ ಕೈಯಲ್ಲಿ ಉಳಿಯದ ಆ ವರ್ಷಗಳಲ್ಲಿ ಗಂಡನ ಉಪದೇಶವನ್ನು ಅವಳು ಬಾಳಿನಲ್ಲೇ ಓದಿರಬೇಕು.

1552ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗ್ ಬಂತು. ಮಕ್ಕಳೊಡನೆ ಟೋರ್ಗಾವಿಗೆ ಹೊರಟ ದಾರಿಯಲ್ಲಿ ಕುದುರೆಗಳು ಬೆದರಿದವು, ಗಾಡಿಯಿಂದ ಹೊರಬಿದ್ದು ಪೆಟ್ಟಾಯಿತು. ಕೆಲವು ತಿಂಗಳು ನರಳಿ ಡಿಸೆಂಬರ್ 20ರಂದು ಕಣ್ಣುಮುಚ್ಚಿದಳು. ಉತ್ತರಾಣಿ ಕಾಳು ಸೀರೆಯಂಚಿಗೆ ಅಂಟಿಕೊಳ್ಳುವಂತೆ ಕ್ರಿಸ್ತನಿಗೆ ಅಂಟಿಕೊಂಡಿರುತ್ತೇನೆ ಎಂಬರ್ಥದ ಮಾತೊಂದನ್ನು ಕೊನೆಗೆ ಆಡಿದಳೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಟೋರ್ಗಾವಿನ ಮರಿಯಮ್ಮನವರ ಚರ್ಚಿನಲ್ಲಿ ಅವಳ ಸಮಾಧಿಯ ಕಲ್ಲು ಇದೆ, ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದಾಳೆ.